ಪೋಸ್ಟರಿನ ಬೆನ್ನು

ಹಳೆಯ ಸಿನೆಮಾ ಪೋಸ್ಟರುಗಳಿಗೆ ಈಗ ಬೆಲೆ ಬಂದಿದೆ. ಹರಾಜುಗಳಲ್ಲಿ ಅವು ಕಲಾಕೃತಿಗಳ ಸಾಲಿಗೆ ಸೇರಿವೆ. ದೊಡ್ಡ ಹೋಟೆಲುಗಳ, ಉಳ್ಳವರ ಪಡಸಾಲೆಗಳ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಕೂತಿವೆ. ಅವನ್ನು ತೊಳೆದು, ತೇಪೆ ಹಚ್ಚಿ, ಹಿಂದೆ ಬಟ್ಟೆ ಕೊಟ್ಟು, ಹರಿದಲ್ಲಿ ಬಣ್ಣ ತುಂಬಿ 'ಮೊದಲಿನಂತೆ' ಮಾಡಿಕೊಡುವ ಕಸುಬೊಂದು ಬೆಳೆದಿದೆ. ಈ ಕಸುಬು ಬ್ಯಾಡ ಅಂತ ಹೇಳಲಿಕ್ಕೆ ನಾನು ಕುಂತಿಲ್ಲ. ನಮ್ಮ ಹುಡುಗರು ಅದನ್ನು ಕಲಿಯಬೇಕು ಅಂಬೋ ಆಸೆಯೇ ನನಗಿದೆ. ನನ್ನ ತಕರಾರು ಇರುವುದು ಆ 'ಮೊದಲಿನಂತೆ' ಎಂಬ ಮಾತಿನ ಜೊತೆ. ಯಾವ ಮೊದಲು? ಅಚ್ಚಿನ ಯಂತ್ರದಿಂದ ಹೊರಬಿದ್ದ ಗಳಿಗೆಯೋ, ಗೋಡೆಗೆ ಹತ್ತಿದ ಗಳಿಗೆಯೋ, ಗೋಡೆಯಿಂದ ಇಳಿದು ನಮ್ಮ ಓಣಿಯ ಮನೆಯೊಂದರ ಒಳಮೈಗೆ ಹೋದ ಗಳಿಗೆಯೋ? ಹಾಳೆಯೊಂದರ ಚರಿತ್ರೆಯಲ್ಲಿ ಯಾವ ಗಳಿಗೆಯನ್ನು ಅದರ ನಿಜರೂಪವೆಂದು ಆರಿಸುತ್ತೇವೆ, ಆ ಆಯ್ಕೆಯನ್ನು ಮಾಡುವವರು ಯಾರು ಎಂಬುದು ದಲಿತ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ.

ಸಿನೆಮಾ ಕುರಿತ ನಮ್ಮ ವಿಮರ್ಶೆ ಇಲ್ಲಿಯವರೆಗೆ ಪರದೆಯ ಮೇಲೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನೇ ಹೆಚ್ಚಾಗಿ ಕೇಳಿದೆ. ಕೇಳಬೇಕಾದ್ದೇ. 1936ರ 'ಅಛೂತ್ ಕನ್ಯಾ'ದಲ್ಲಿ ಅಸ್ಪೃಶ್ಯ ಹುಡುಗಿಯ ವೇಷ ಹಾಕಿದ ದೇವಿಕಾ ರಾಣಿ ಟ್ಯಾಗೋರ್ ಮನೆತನದ ನಂಟಿನವರು, ದೇಶವೆಲ್ಲ ಮೆಚ್ಚಿತು. ಅದಕ್ಕೆ ಕೆಲವೇ ವರ್ಷ ಮೊದಲು ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್'ನಲ್ಲಿ ಪಿ.ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು ನಾಯರ್ ಹೆಣ್ಣಿನ ಪಾತ್ರ ಮಾಡಿದ್ದಕ್ಕೆ ಕಲ್ಲು ಬಿದ್ದವು, ಆಕೆ ಊರು ಬಿಟ್ಟು ತಮಿಳು ಸೀಮೆಗೆ ಓಡಬೇಕಾಯಿತು. ಆ ಚಿತ್ರದ ಪ್ರತಿಯೂ ಉಳಿದಿಲ್ಲ. ಈ ಎರಡು ಹೆಣ್ಣುಗಳ ನಡುವಿನ ಅಂತರವನ್ನು ಬರೆಯದೆ ಭಾರತದ ಸಿನೆಮಾದ ಚರಿತ್ರೆ ಬರೆದವರ ಬಗ್ಗೆ ಏನು ಹೇಳೋಣ. ಆದರೆ ಪರದೆಯ ಆಚೆ ಗೋಡೆಯೂ ಒಂದಿತ್ತು. ಪರದೆಯ ಮೇಲಿನದನ್ನು ನೋಡಲಿಕ್ಕೆ ತಿಕೀಟಿನ ರೊಕ್ಕ ಬೇಕು, ಗೋಡೆಯ ಮೇಲಿನದಕ್ಕೆ ಬ್ಯಾಡ. ಸಿನೆಮಾ ನೋಡದ ಎಷ್ಟೋ ಮಂದಿ ಸಿನೆಮಾವನ್ನು ಬಲ್ಲದ್ದು ಪೋಸ್ಟರಿನಿಂದ.

ಕಾಗದ ಎಷ್ಟು ನಶ್ವರವೆಂದರೂ ಎಷ್ಟೋ ಸಲ ಫಿಲ್ಮಿಗಿಂತ ಹೆಚ್ಚು ಬಾಳಿದೆ ಎಂಬುದನ್ನು ಮರೆಯಬಾರದು. ದೇಶದ ಮೊದಲ ಟಾಕಿ 'ಆಲಂ ಆರಾ' (1931) ಇವತ್ತು ಇಲ್ಲ. ಅದರ ಪ್ರಚಾರದ ಕಾಗದ, ಸ್ಥಿರಚಿತ್ರಗಳು ಇವೆ. ಕೊಲ್ಲಾಪುರದಲ್ಲಿ ತಯಾರಾದ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' (1934) ಕೂಡ ಇಲ್ಲ. ಹಳೆಯ ನೈಟ್ರೇಟ್ ಫಿಲ್ಮು ತಾನೇ ಹೊತ್ತಿಕೊಳ್ಳುವಂಥ ವಸ್ತು; 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಸಾವಿರಾರು ರೀಲು ಬೂದಿಯಾದವು. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ 1964ರಲ್ಲಿ ಹುಟ್ಟಿತು. 2022ರಲ್ಲಿ ಅದನ್ನು ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಸಿದರು. ಅದು ರೀಲುಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕೂಡಿಸುತ್ತ ಬಂದಿದೆ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ 2014ರಿಂದ ಅದೇ ದಾರಿಯಲ್ಲಿದೆ. ಇವರ ಕೆಲಸದ ಬಗ್ಗೆ ನನಗೆ ಗೌರವವಿದೆ.

ಆದರೆ ಸಂಗ್ರಹಕಾರರ ಪರಿಭಾಷೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಗೋಡೆಗೆ ಹತ್ತದೇ ಉಳಿದ ಹಾಳೆಗೆ. ಹಂಚಿಕೆದಾರರ ಕಚೇರಿಯ ಕಪಾಟಿನಲ್ಲೋ, ಪ್ರೆಸ್ಸಿನ ಗೋದಾಮಿನಲ್ಲೋ ಬಿದ್ದಿದ್ದು, ಮಡಿಕೆ ಕಡಿಮೆ, ಮೊಳೆಯ ತೂತಿಲ್ಲ, ಅಂಟಿನ ಗುರುತಿಲ್ಲ. ನಾನು ಇದಕ್ಕೆ 'ಮಡಿ ಹಾಳೆ' ಅಂತ ಕರೀತೀನಿ. ಯಾವುದಕ್ಕಾಗಿ ಅದನ್ನು ಅಚ್ಚು ಹಾಕಿದರೋ ಆ ಕೆಲಸವನ್ನೇ ಮಾಡದ ಹಾಳೆ ಅದು. ಮಾಡದೇ ಇದ್ದದ್ದರಿಂದಲೇ ಅದಕ್ಕೆ ಮೇಲಿನ ದರ್ಜೆ. ಗೋಡೆಗೆ ಹತ್ತಿ, ಬಿಸಿಲು ಮಳೆ ತಿಂದು, ನಾಕು ಮಂದಿಯ ಕೈ ತಗುಲಿದ್ದು 'ಕೆಟ್ಟ' ಹಾಳೆ. ಮುಟ್ಟಿಸಿಕೊಂಡದ್ದು ಕೆಟ್ಟಿತು ಎಂಬ ಈ ತರ್ಕ ನಮಗೆ ಎಲ್ಲಿಂದಲೋ ಕೇಳಿದಂತಿದೆಯಲ್ಲ! ಸಂಗ್ರಹಕಾರರೆಲ್ಲ ಜಾತಿವಾದಿಗಳು ಅಂತ ನಾನು ಹೇಳುತ್ತಿಲ್ಲ. ಪ್ಯಾರಿಸ್ಸಿನಲ್ಲೂ ನ್ಯೂಯಾರ್ಕಿನಲ್ಲೂ ಇದೇ ದರ್ಜೆಪಟ್ಟಿ ಇದೆ. ಆದರೆ ಒಂದು ದರ್ಜೆಪಟ್ಟಿ ನಮ್ಮ ನೆಲಕ್ಕೆ ಬಂದಾಗ ಇಲ್ಲಿಯ ಮಣ್ಣನ್ನೇ ಉಂಡು ಬೆಳೆಯುತ್ತದೆ.

ಕೊಲ್ಲಾಪುರದ ಬಾಬುರಾವ್ ಪೇಂಟರ್ (1890-1954) ಕಸುಬುದಾರ ಮನೆತನದವರು. ಮೇಸ್ತ್ರಿ ಎಂಬ ಹೆಸರು ಹಿಂದೆ ಸರಿದು ಕುಂಚದ ಹೆಸರೇ ಅವರ ಅಡ್ಡಹೆಸರಾಯಿತು. 1924ರ ಅವರ 'ಕಲ್ಯಾಣ ಖಜಿನಾ'ದ ಪೋಸ್ಟರು ನಮ್ಮ ದೇಶದಲ್ಲಿ ಉಳಿದ ಅತಿ ಹಳೆಯ ಸಿನೆಮಾ ಪೋಸ್ಟರುಗಳಲ್ಲಿ ಒಂದೆಂದು ಎಣಿಕೆ. ಹುಸೇನರು ಮುಂಬೈಯಲ್ಲಿ ಸಿನೆಮಾ ಬೋರ್ಡು ಬರೆದೇ ಹೊಟ್ಟೆ ಹೊರೆದದ್ದನ್ನು ಎಲ್ಲರೂ ಹೇಳುತ್ತಾರೆ. ಹೀಗೆ ಬರೆದ ಕೈಗೆ ಹೆಸರು ಬಂತು. ಬರೆದವರ ಸಹಿಯನ್ನು ಭೂತಗನ್ನಡಿ ಹಿಡಿದು ಹುಡುಕುವ ಸಂಶೋಧಕರು ಹಚ್ಚಿದವರ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಹಚ್ಚಿದವರನ್ನು ನಾನು ಬಲ್ಲೆ. ನಮ್ಮ ಕಾಕಾ ಕೋಟನೂರಿನಿಂದ ಸೈಕಲ್ ಮ್ಯಾಲ ಕಲಬುರಗಿಗೆ ಹೋಗಿ ಟಾಕೀಸಿನ ಪೋಸ್ಟರು ಹಚ್ಚುತ್ತಿದ್ದ. ಈಗ ಕೋಟನೂರ ಶಹರದ ಬಗಲಿಗೇ ಬಂದು ಲೇಔಟುಗಳ ಊರಾಗಿದೆ. ಆಗ ಜೇವರ್ಗಿ ರಸ್ತೆಯ ಎರಡೂ ಕಡೆ ತೊಗರಿ, ಜ್ವಾಳ. ನಸುಕಿನಾಗ ಎದ್ದು, ಸೈಕಲ್ಲಿನ ಹಿಂದ ಪೋಸ್ಟರಿನ ಗಂಟು, ಹ್ಯಾಂಡಲ್ಲಿಗೆ ಬಕೇಟು, ಹೆಗಲಿಗೆ ನಿಚ್ಚಣಿಕೆ. ಜಾತ್ರಿ ದಿನದಾಗ ಹುಮನಾಬಾದ ರಸ್ತೆ ಹಿಡಿದು ಕಮಲಾಪುರದ ತನಕ ಹೋಗಿ ಹಚ್ಚಿ ಬರೋದೂ ಇತ್ತು. ಮೈದಾ ಹಿಟ್ಟು ಕುದಿಸಿ ಅಂಟು ಮಾಡೋರು, ಅದರಾಗ ಚೂರು ಮೈಲುತುತ್ತ ಹಾಕೋರು. ಇಲ್ಲಂದ್ರ ಇಲಿ, ಹುಳ, ಬೀದಿ ದನ ಎಲ್ಲಾ ಬಂದು ಪೋಸ್ಟರ ನೆಕ್ಕಿ ತಿಂತಿದ್ದವು. "ಹಸದ ಹುಡುಗರೂ ನೆಕ್ಕತಿದ್ದರಪಾ, ಅದಕ್ಕ ತುತ್ತ ಹಾಕೀವಿ ಅಂತ ಮೊದಲs ಒದರಿ ಹೇಳತಿದ್ದೆ" ಅಂತ ಕಾಕಾ ಹೇಳುತ್ತಿದ್ದ.

ಊರೊಳಗಿನ ದೊಡ್ಡ ಮನೆಗಳ ರಸ್ತೆ ಕಡೆಯ ಗೋಡೆ ಪೋಸ್ಟರಿಗೆ ಬಹಳ ಚಲೋ ಜಾಗ. ಆ ಗೋಡೆಗೆ ಕಾಕಾನ ಕೈ ಹತ್ತಬಹುದಿತ್ತು, ಅದೇ ಮನೆಯ ಹೊಸ್ತಿಲಿಗೆ ಹತ್ತುವಂತಿರಲಿಲ್ಲ. ಅಂಟು ಗಟ್ಟಿಯಾಗಿ ನೀರು ಕೇಳಿದರೆ ಮ್ಯಾಲಿಂದ ಬಕೇಟಿನಾಗ ಸುರೀತಿದ್ದರು. ಆ ನೀರಿನಲ್ಲೇ ಕಲಸಿದ ಅಂಟು ಅವರದೇ ಗೋಡೆಗೆ ಹತ್ತುತ್ತಿತ್ತು. ಮೈಲಿಗೆಯ ಶಾಸ್ತ್ರ ಬರೆದವರು ಈ ಬಾಬತ್ತನ್ನು ಹೆಂಗ ಬಗೆಹರಿಸಿದ್ದರೋ ಗೊತ್ತಿಲ್ಲ. ಸರ್ಕಾರ ತನ್ನ ಪಾಲಿನ ಶಾಸ್ತ್ರವನ್ನು 1981ರಲ್ಲಿ ಮಾಡಿತು: ತೆರೆದ ಸ್ಥಳಗಳ ವಿರೂಪ ತಡೆಯುವ ಕರ್ನಾಟಕದ ಕಾನೂನು. ಕಾಕಾನಂಥವರು ಮಾಡುತ್ತಿದ್ದ ಕೆಲಸದ ಕಾಯ್ದೆಬದ್ಧ ಹೆಸರು 'ವಿರೂಪ'. ಅದೇ ಹಾಳೆ ಗಾಜಿನೊಳಗೆ ಹೋದಾಗ 'ಪರಂಪರೆ'.

ಇನ್ನು ಕಸುಬಿನ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಪೋಸ್ಟರಿನ ಕಾಗದ ಅಗ್ಗದ್ದು, ಮರದ ತಿರುಳಿನದು. ಅದರೊಳಗಿನ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ, ಆಮ್ಲ ಹುಟ್ಟಿ ನಾರನ್ನು ಕಡಿಯುತ್ತದೆ. ಮಡಿಸಿದ ಗೆರೆಯಲ್ಲಿ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಹುಳ ಬರದಿರಲಿ ಅಂತ ಹಾಕಿದ ಮೈಲುತುತ್ತದ ತಾಮ್ರವೂ ಕಾಲಾಂತರದಲ್ಲಿ ಕಾಗದವನ್ನೇ ತಿನ್ನುತ್ತದೆ. ಪುನರುಜ್ಜೀವನ ಮಾಡುವವರು ಮೊದಲು ಒಣ ಧೂಳು ತೆಗೆಯುತ್ತಾರೆ, ಬಣ್ಣ ಬಿಡುತ್ತದೋ ಇಲ್ಲವೋ ಎಂದು ಮೂಲೆಯಲ್ಲಿ ಒಂದು ಹನಿ ನೀರಿಟ್ಟು ನೋಡುತ್ತಾರೆ, ಆಮೇಲೆ ನೀರಿನ ತಟ್ಟೆಯಲ್ಲಿ ಮಲಗಿಸಿ ಆಮ್ಲ ಕಳೆಯುತ್ತಾರೆ, ಸುಣ್ಣದ ಅಥವಾ ಮೆಗ್ನೀಶಿಯಮ್ಮಿನ ಲವಣ ಕೂಡಿಸುತ್ತಾರೆ. ಹಿಂದೆ ಜಪಾನಿನ ಕೋಜೋ ಗಿಡದ ನಾರಿನ ತೆಳು ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂಡಿಸುತ್ತಾರೆ. ದೊಡ್ಡ ಹಾಳೆಯಾದರೆ ಅದರ ಹಿಂದೆ ಬಟ್ಟೆ. ಬ್ರಷ್ಷನ್ನು ನಡುವಿನಿಂದ ಅಂಚಿಗೆ ಸವರುತ್ತಾರೆ, ಒಳಗೆ ಗಾಳಿ ಉಳಿಯಬಾರದು.

ನಡುವಿನಿಂದ ಅಂಚಿಗೆ! ಕಾಕಾ ಕಸಬರಿಗಿ ಕತ್ತರಿಸಿ ಮಾಡಿದ ಬ್ರಷ್ಷಿನಿಂದ ಇದನ್ನೇ ಮಾಡುತ್ತಿದ್ದ. "ಗಾಳಿ ಒಳಗ ಉಳಿತಂದ್ರ ಬಿಸಲಿಗೆ ಬುರುಬುರು ಉಬ್ಬಿ ಮಧ್ಯಾಹ್ನಕ್ಕ ಹೀರೋನ ಮೂತಿ ಕೆಳಗ ಬೀಳತದ." ಅಂಟೂ ಎರಡು ಕಡೆ ಗೋಧಿಯದೇ, ಪ್ರಯೋಗಾಲಯದ್ದು ಜಿಗುಟು ತೊಳೆದು ತೆಗೆದದ್ದು, ಅಷ್ಟೇ ಫರಕು. ಒಬ್ಬನದು ಕಲಿತ ವಿದ್ಯೆ, ಇನ್ನೊಬ್ಬನದು ಕೂಲಿ ಎಂದು ವಿಂಗಡಿಸುವಾಗ ಕೈಯ ಚಲನೆಯನ್ನು ನೋಡಿ ವಿಂಗಡಿಸುವುದಿಲ್ಲ ನಾವು.

ಕಾಕಾ ತೀರಿಕೊಂಡ ಮ್ಯಾಲ ಅವನ ಟ್ರಂಕು ನನ್ನ ಪಾಲಿಗೆ ಬಂತು. ಹಚ್ಚಿ ಉಳಿದ ಪೋಸ್ಟರು, ಗೋಡೆಯಿಂದ ಹಸಿಯಿದ್ದಾಗಲೇ ಬಿಚ್ಚಿದ ಪೋಸ್ಟರು, ಮನೆಯ ತಟ್ಟಿಗೋಡೆಗೆ ಗಾಳಿ ಬರದಂತೆ ಹಚ್ಚಿ ತೆಗೆದವು, ಎಲ್ಲ ಕಲೆತಿವೆ. ಹಿಂದಿ ಚಿತ್ರಗಳವೇ ಹೆಚ್ಚು. 1948ರ ತನಕ ನಿಜಾಮನ ಆಳ್ವಿಕೆಯಲ್ಲಿದ್ದು, 1956ರ ತನಕ ಹೈದರಾಬಾದ ಪ್ರಾಂತದಲ್ಲಿದ್ದ ಸೀಮೆ ನಮ್ಮದು. ಹಿಂದಿ, ಉರ್ದು ನಮಗೆ ಹೊರಗಿನವಲ್ಲ. ಇಂಗ್ಲಿಷು, ನಾಗರಿ, ಉರ್ದು ಮೂರೂ ಲಿಪಿಯಲ್ಲಿ ಹೆಸರು ಬರೆದ ಪೋಸ್ಟರಿನ ಕೆಳಗೆ ಟಾಕೀಸಿನವರು ಕನ್ನಡದ ಚೀಟಿ ಅಂಟಿಸುತ್ತಿದ್ದರು, ದಿನಾ ಎಷ್ಟು ಆಟ, ಎಂದಿನಿಂದ ಅಂತ. ನಾಕು ಲಿಪಿಯ ಹಾಳೆ. ಭಾಷಾ ರಾಜಕಾರಣ ಮಾಡುವವರು ಈ ಹಾಳೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಆ ಟ್ರಂಕಿನಲ್ಲಿ 'ದೀವಾರ್' (1975) ಚಿತ್ರದ ಪೋಸ್ಟರೊಂದಿದೆ. ದೀವಾರ್ ಅಂದರೆ ಗೋಡೆ. ಇದು ಗೋಡೆಗೆ ಹತ್ತಿರಲಿಲ್ಲ ಅನ್ನೋದೊಂದು ತಮಾಷೆ. ಕೆಳಗಿನ ಎಡಮೂಲೆ ಹೋಗಿದೆ, ಎರಡು ಮಡಿಕೆ ಸೀಳಿವೆ. ತಿರುವಿ ಹಾಕಿದರೆ ಬೆನ್ನ ಮೇಲೆ ನೀಲಿ ಅಕ್ಷರ. ಏಪ್ರಿಲ್ 14ರ ಜಯಂತಿಯ ಪ್ರಕಟಣೆ: ಮೆರವಣಿಗೆ ಎಲ್ಲಿಂದ, ಎಷ್ಟು ಹೊತ್ತಿಗೆ, ರಾತ್ರಿ ಭಜನೆ, ಎಲ್ಲರೂ ಬರ್ರಿ ಎಂಬ ಕರೆ. 'ಜಯಂತಿ'ಯ 'ತಿ'ಗೆ ಜಾಗ ಸಾಲದೆ ಕೆಳಗಿನ ಸಾಲಿಗೆ ಇಳಿದಿದೆ. ಇಸವಿ ಬರೆದಿಲ್ಲ. ಮುಂಭಾಗ 1975ರದಾದ್ದರಿಂದ ಹಿಂಭಾಗ ಅದಕ್ಕಿಂತ ಈಚಿನದು. ಹಿಂದಿ ಚಿತ್ರಗಳು ನಮ್ಮ ಕಡೆ ಎರಡನೇ, ಮೂರನೇ ಸುತ್ತಿಗೆ ಬರುತ್ತಿದ್ದದ್ದು ನೋಡಿದರೆ ಆ ದಶಕದ ಕೊನೆಯದಿರಬೇಕು. 1973ರ ಬೂಸಾ ಪ್ರಕರಣದ ಕಾವು ಆರಿರಲಿಲ್ಲ, ದಲಿತ ಸಂಘರ್ಷ ಸಮಿತಿ ಆಗಷ್ಟೇ ಹುಟ್ಟಿ ಜಿಲ್ಲೆಗಳಿಗೆ ಹಬ್ಬುತ್ತಿತ್ತು. ಚಳವಳಿಗೆ ಕಾಗದ ಎಲ್ಲಿತ್ತು? ಒಂದೇ ಮಗ್ಗುಲಿಗೆ ಅಚ್ಚಾದ, ಇನ್ನೊಂದು ಮಗ್ಗುಲು ಬೆಳ್ಳಗಿದ್ದ, ಎರಡೂವರೆ ಅಡಿ ಅಗಲ ಮೂರು ಅಡಿಗೂ ಮಿಕ್ಕಿ ಉದ್ದದ ಹಾಳೆ ನಮ್ಮ ಓಣಿಯಲ್ಲಿ ಸಿಗುತ್ತಿದ್ದದ್ದು ಒಂದೇ ಕಡೆ, ಪೋಸ್ಟರು ಹಚ್ಚುವವನ ಮನೆಯಲ್ಲಿ. ಬಣ್ಣ? ಅರಿವೆಗೆ ಹಾಕೋ ನೀಲಿ. ಅದನ್ನು ಅದೇ ಮೈದಾ ಅಂಟಿನಾಗ ಕಲಸಿ ಕಡ್ಡಿಗೆ ಚಿಂದಿ ಸುತ್ತಿ ಬರೆದದ್ದು.

ಈ ಹಾಳೆಯನ್ನು ದೊಡ್ಡ ಊರಿನ ಅಂಗಡಿಯೊಂದಕ್ಕೆ ಒಯ್ದು ತೋರಿಸಿದೆ. ಅವರು ಕೆಲಸದಲ್ಲಿ ಪಳಗಿದವರೇ. ತೊಳೆದು, ಹಿಂದೆ ಬಟ್ಟೆ ಕೊಟ್ಟು, ಮೂಲೆಯನ್ನು ಬೇರೆ ಪ್ರತಿಯ ಫೋಟೋ ನೋಡಿ ಬರೆದು ಹೊಸದರಂತೆ ಮಾಡಿಕೊಡುವುದಾಗಿ ಹೇಳಿದರು. ಹಿಂದಿನದು? "ಅದು ಗಲೀಜು ಅಲ್ಲವಾ, ನೀರಿಗೆ ಬಿಟ್ಟರೆ ತಾನೇ ಹೋಗುತ್ತೆ ಬಿಡಿ" ಅಂದರು.

ಹೌದು, ಹೋಗುತ್ತದೆ. ಮುಂಭಾಗದ ಅಚ್ಚಿನ ಮಸಿ ಎಣ್ಣೆಯದು, ನೀರಿಗೆ ಜಗ್ಗುವುದಿಲ್ಲ. ಹಿಂಭಾಗದ ನೀಲಿ ಬರೀ ಹಿಟ್ಟಿನ ಅಂಟಿನ ಮೇಲೆ ನಿಂತಿದೆ, ಮೊದಲನೇ ನೀರಿಗೇ ಬಿಡುತ್ತದೆ. ಅಂದರೆ ಅಮಿತಾಬನನ್ನು ಉಳಿಸುವ ಸ್ನಾನದಲ್ಲೇ ಜಯಂತಿ ತೊಳೆದುಹೋಗುತ್ತದೆ. ಅಪ್ಪಿತಪ್ಪಿ ಉಳಿದರೂ ಬಟ್ಟೆಯ ಕೆಳಗೆ ಕಣ್ಣಿಗೆ ಕಾಣದಾಗುತ್ತದೆ. ಇದರಲ್ಲಿ ಯಾರದೂ ಹುನ್ನಾರವಿಲ್ಲ, ಕೆಟ್ಟ ಮನಸ್ಸೂ ಇಲ್ಲ. ಹಾಳೆಗೆ ಒಂದು ಮುಖ, ಒಂದು ಬೆನ್ನು ಎಂಬ ನಂಬಿಕೆಯಷ್ಟೇ ಇದೆ. ಮುಖದ ಮೇಲಿದ್ದದ್ದು ಕೃತಿ, ಬೆನ್ನ ಮೇಲಿದ್ದದ್ದು ಕೊಳೆ. ಚಳವಳಿಯ ಚರಿತ್ರೆ ನಾಡಿನ ಚರಿತ್ರೆಯೊಳಗಿನಿಂದ ಹೋದ ಬಗೆ ಬಹುಮಟ್ಟಿಗೆ ಹೀಗೆಯೇ ಇರಬಹುದು. ಯಾರೂ ಸುಡಲಿಲ್ಲ, ಯಾರೂ ಹರಿಯಲಿಲ್ಲ, ಇನ್ನೊಂದನ್ನು ಚೊಕ್ಕಟ ಮಾಡುವಾಗ ಹೋಯಿತು.

ಪುನರುಜ್ಜೀವನದ ತತ್ವವೇ ಹೀಗೆ ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪುವುದಿಲ್ಲ. ಇಟಲಿಯ ಚೆಸಾರೆ ಬ್ರಾಂದಿ 1963ರ ತನ್ನ ಪುಸ್ತಕದಲ್ಲಿ ಇದಕ್ಕೆ ಬೇರೆಯದೇ ದಾರಿ ಹೇಳಿದ. ಕೃತಿಯು ಕಾಲದೊಳಗೆ ಹಾದು ಬಂದ ಗುರುತುಗಳನ್ನು ಅಳಿಸಿ ಸುಳ್ಳು ಯೌವನ ಕೊಡಬಾರದು. ತುಂಬಿದ ಬಣ್ಣ ದೂರದಿಂದ ಕೂಡಿಕೊಂಡರೂ ಹತ್ತಿರದಿಂದ ತುಂಬಿದ್ದೆಂದು ತಿಳಿಯಬೇಕು. ಅದಕ್ಕಾಗಿ ಅವರು ಸಣ್ಣ ಗೆರೆಗಳನ್ನು ಎಳೆದು ಖಾಲಿ ಜಾಗ ತುಂಬುವ ಪದ್ಧತಿಯನ್ನೇ ಬೆಳೆಸಿದರು. ಇನ್ನೊಂದು ದಿಕ್ಕಿನಲ್ಲಿ, 1949ರಿಂದ ಪ್ಯಾರಿಸ್ಸಿನ ಜಾಕ್ ವಿಲೆಗ್ಲೆ, ರೇಮೊಂ ಹೇನ್ಸ್ ಬೀದಿ ಗೋಡೆಯ ಹರಿದ ಪೋಸ್ಟರುಗಳನ್ನೇ ಕಿತ್ತು ತಂದು ಪ್ರದರ್ಶಿಸಿದರು. ಹರಿದವರು ಯಾರೋ ದಾರಿಹೋಕರು. ವಿಲೆಗ್ಲೆ ಆ ಅನಾಮಿಕ ಹರಿಯುವವನಿಗೆ ಒಂದು ಹೆಸರನ್ನೇ ಕೊಟ್ಟಿದ್ದ. ಆದರೂ ಮ್ಯೂಜಿಯಮ್ಮಿನ ಫಲಕದಲ್ಲಿ ಇರುವುದು ವಿಲೆಗ್ಲೆಯ ಹೆಸರು, ಹರಿದವನದಲ್ಲ. ಹರಿದದ್ದೂ ಕಲೆಯಾಗಬಲ್ಲದು ಎಂಬಲ್ಲಿಗೆ ನಮ್ಮ ಸಮಸ್ಯೆ ತೀರುವುದಿಲ್ಲ ಎಂಬುದಕ್ಕೆ ಈ ಮಾತು.

ಅಷ್ಟು ದೂರ ಯಾಕೆ, ನಮ್ಮ ಜ��ಲ್ಲೆಯ ಸನ್ನತಿಗೇ ಬನ್ನಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲು ಅಶೋಕನ ಶಾಸನ ಎಂಬುದು ಬೆಳಕಿಗೆ ಬಂತು. ಕಲ್ಲಿನ ಎರಡೂ ಮಗ್ಗುಲಿಗೆ ಬರಹ. ವಿಗ್ರಹ ಕೂಡಿಸಲಿಕ್ಕೆ ಯಾರೋ ನಡುವೆ ತೂತು ಕೊರೆದಿದ್ದರು, ಅಕ್ಷರಗಳು ಹೋಗಿವೆ. ಆ ತೂತನ್ನು ಸಿಮೆಂಟಿನಿಂದ ತುಂಬಿ 'ಮೊದಲಿನಂತೆ' ಮಾಡೋಣ ಎಂದು ಯಾವ ಶಾಸನತಜ್ಞನೂ ಹೇಳುವುದಿಲ್ಲ. ಒಂದು ಮಗ್ಗುಲನ್ನು ಗೋಡೆಗೆ ಮೆತ್ತಿಬಿಡೋಣ ಎಂದೂ ಹೇಳುವುದಿಲ್ಲ. ತೂತೇ ಒಂದು ಸಾಕ್ಷಿ, ಬೌದ್ಧ ನೆಲದ ಮೇಲೆ ಏನಾಯಿತು ಎಂಬುದಕ್ಕೆ. ಕಲ್ಲಿಗೆ ಸಿಗುವ ಈ ವಿವೇಕ ಕಾಗದಕ್ಕೂ ಸಿಗಲಿ ಎಂಬುದಷ್ಟೇ ನನ್ನ ಬೇಡಿಕೆ.

ಬಡತನದ ಕಲೆಯನ್ನೇ ಕಲೆ ಎಂದು ಮೆರೆಸುವ ಶೋಕಿ ನಿಮ್ಮದು ಎಂದು ಗೆಳೆಯರೊಬ್ಬರು ಚುಚ್ಚಿದರು. ಚುಚ್ಚಿದ್ದರಲ್ಲಿ ಹುರುಳಿದೆ. ತುತ್ತ ಬೆರೆತ ಅಂಟು ಕಾಗದವನ್ನು ತಿನ್ನುತ್ತಿದ್ದರೆ ಅದನ್ನು ಪೂಜೆ ಮಾಡುತ್ತ ಕೂಡಲಾಗದು, ತೆಗೆಯಲೇಬೇಕು. ತೆಗೆಯುವ ಮೊದಲು ಎರಡೂ ಮಗ್ಗುಲಿನ ಫೋಟೋ ಹಿಡಿಯಬೇಕು, ಅಂಟು ಎಲ್ಲಿತ್ತು ಎಂದು ಬರೆದಿಡಬೇಕು, ಒಂದು ಚಿಟಿಕೆ ಕಾಗದದ ಪೊಟ್ಟಣದಲ್ಲಿ ಉಳಿಸಬೇಕು. ಟಾಕೀಸಿನ ಚೀಟಿ, ಮುದ್ರೆ, ಕೈಬರಹ ಇವು ಕೊಳೆಯ ಬಾಬತ್ತಿಗೆ ಸೇರತಕ್ಕವಲ್ಲ. ಬೆನ್ನಿಗೆ ಆಧಾರ ಕೊಡಲೇಬೇಕಾದರೆ ಬರಹವಿದ್ದಲ್ಲಿ ಕಿಟಕಿಯಂತೆ ಜಾಗ ಬಿಟ್ಟು ಕೊಡುವ ವಿಧಾನ ಈ ಕಸುಬಿನಲ್ಲಿ ಗೊತ್ತಿರುವಂಥದೇ. ಹಿಂದಿನ ಅಕ್ಷರ ಕಾಣುವಷ್ಟು ತೆಳುವಾದ ಕೋಜೋ ಕಾಗದವೂ ಇದೆ. ನೀರು ಮುಟ್ಟಿಸದೆ ಆಮ್ಲ ಕಳೆಯುವ ಸಿಂಪಡಣೆಯೂ ಇದೆ, ಆದರೆ ಬಹಳ ತುಟ್ಟಿ.

'ದೀವಾರ್'ಅನ್ನು ನಾನು ತೊಳೆಸಲಿಲ್ಲ. ಸೀಳಿದ ಮಡಿಕೆಗಳಿಗೆ ಮಾತ್ರ, ಅಕ್ಷರ ತಪ್ಪಿಸಿ, ಬೆರಳಗಲದ ಕೋಜೋ ಪಟ್ಟಿ ಹಾಕಿಸಿದ್ದೇನೆ. ಹೋದ ಮೂಲೆ ಹೋದಂತೆಯೇ ಇದೆ. ಎರಡೂ ಮಗ್ಗುಲು ಕಾಣುವಂತೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು, ಅಂಚು ಪೂರ್ತಿ ಮುಚ್ಚದೆ ಬಿಟ್ಟಿದೆ. ಆಮ್ಲ ಕಳೆಯದ ಕಾಗದವನ್ನು ಗಾಳಿಯಾಡದಂತೆ ಮುಚ್ಚಿದರೆ ಅದು ಇನ್ನೂ ಬೇಗ ಸಾಯುತ್ತದೆ. ಲ್ಯಾಮಿನೇಶನ್ ಅಂತೂ ಯಾರೂ ಮಾಡಿಸಬ್ಯಾಡ್ರಿ. ಜಯಂತಿ ಕಮಿಟಿಗಳ ಹಳೆಯ ಫೋಟೋ, ಕರಪತ್ರ, ಹೋರಾಟದ ವಾಲ್‌ಪೋಸ್ಟರುಗಳನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ನೇತುಹಾಕಿದ್ದನ್ನು ಬಹಳ ಕಡೆ ನೋಡಿದ್ದೇನೆ. ಬಿಸಿಗೆ ಕರಗಿ ಕೂತ ಆ ಪ್ಲಾಸ್ಟಿಕ್ಕು ಇನ್ನು ಬಿಡುವುದಿಲ್ಲ. ಸೆಲೊಟೇಪೂ ಹಂಗೇ, ಟೇಪು ಉದುರಿದ ಮೇಲೂ ಅದರ ಕಂದು ಜಿಗುಟು ಕಾಗದದೊಳಗೆ ಉಳಿಯುತ್ತದೆ. ನಮ್ಮ ಬಿಸಿಲು, ಮಳೆಗಾಲದ ಥಂಡಿ, ಒರಲಿ ಹುಳ ಇವುಗಳಿಂದ ದೂರ, ನೆಲ ಬಿಟ್ಟು ಎತ್ತರದಲ್ಲಿ, ಮಡಿಸದೆ ಮಲಗಿಸಿಡುವುದು ಹೆಚ್ಚು ರೊಕ್ಕ ಕೇಳುವ ಕೆಲಸವಲ್ಲ. ಹೆಚ್ಚಿನದಕ್ಕೆ ಬೆಂಗಳೂರಿನ ಇನ್‌ಟ್ಯಾಕ್ ಸಂರಕ್ಷಣಾ ಕೇಂದ್ರದಂಥವು ಇವೆ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯಗಳಿವೆ, ನಗರದಲ್ಲೂ ಇವೆ, 2009ರಿಂದ ಕಡಗಂಚಿಯ ಕಡೆಯೂ ಒಂದಿದೆ. ದಲಿತ ಕಾವ್ಯದಲ್ಲಿ ಪ್ರತಿಮೆ ಎಂಬ ವಿಷಯದ ಮೇಲೆ ಇನ್ನೊಂದು ಪ್ರಬಂಧ ಬರೆಯುವ ಬದಲು ಯಾರಾದರೂ ವಿದ್ಯಾರ್ಥಿ ಓಣಿ ಓಣಿಯ ಟ್ರಂಕು ತೆಗೆಸಿ ಹಾಳೆಗಳ ಬೆನ್ನು ನೋಡಬಾರದೆ?

ಹೊತ್ತು ಕಡಿಮೆಯಿದೆ. ಫ್ಲೆಕ್ಸು ಬಂದ ಮೇಲೆ ಹಚ್ಚುವ ಕೂಲಿ ನಿಂತಿತು. ಸರ್ಕಾರ 2016ರಲ್ಲಿ ಫ್ಲೆಕ್ಸನ್ನು ನಿಷೇಧಿಸಿದ ಮೇಲೂ ಕಾಗದ ಗೋಡೆಗೆ ಮೊದಲಿನಷ್ಟು ಮರಳಲಿಲ್ಲ. ಫ್ಲೆಕ್ಸು ಹಳೆಯದಾದರೆ ಮಳೆಗಾಲಕ್ಕೆ ಮಾಳಿಗೆಯ ಮೇಲೆ ಹೊದಿಸಲಿಕ್ಕೆ ಬರುತ್ತದೆ. ಅದರ ಬೆನ್ನ ಮೇಲೆ ಅರಿವೆಯ ನೀಲಿ ಹತ್ತುವುದಿಲ್ಲ.

ಟ್ರಂಕಿನ ಪಟ್ಟಿ ಮಾಡುತ್ತಿದ್ದೇನೆ. ಆರ್ಕೈವುಗಳು ಬಳಸುವ ನಮೂನೆಯಲ್ಲಿ ಚಿತ್ರದ ಹೆಸರು, ವರ್ಷ, ಅಳತೆ, ಮುದ್ರಕರು, ಕಲಾವಿದರು, ಸ್ಥಿತಿ ಎಂಬ ಕಾಲಂ ಇರುತ್ತವೆ. ನಾನು ಮೂರು ಕಾಲಂ ಹೆಚ್ಚಿಗೆ ಹಾಕಿದ್ದೇನೆ: ಹಚ್ಚಿದವರು, ಹಚ್ಚಿದ ಗೋಡೆ, ಬೆನ್ನ ಮೇಲೆ ಏನಿದೆ. ಮೊದಲನೆಯದು ಸಲೀಸು, ಎಲ್ಲಾದಕ್ಕೂ ಕಾಕಾನ ಹೆಸರೇ. ಎರಡನೆಯದಕ್ಕೆ ಅವನ ಜೊತೆ ಹೋಗುತ್ತಿದ್ದ ಓಣಿಯ ಹಿರಿಯರನ್ನು ಕೇಳುತ್ತಿದ್ದೇನೆ, ಅವರು ಗೋಡೆಯ ಹೆಸರಿನ ಜೊತೆಗೆ ಆ ಮನೆಯವರು ನೀರು ಕೊಟ್ಟರೋ ಇಲ್ಲವೋ ಅದನ್ನೂ ಹೇಳುತ್ತಾರೆ, ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಯ ತನಕ 31 ಹಾಳೆ ಆಗ್ಯಾವ. 14 ಹಾಳೆಯ ಬೆನ್ನಿಗೆ ಬರಹ ಅದ.